ತೊಳೆದ ಬೀಜ

ಜಯಾ ಬಕೆಟ್ಟಿನಲ್ಲಿ ಗೋವಿನಜೋಳದ ಬೀಜವನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಬೀಜದ ಗುಲಾಬಿ ಬಣ್ಣ ಪೂರ್ತಿ ನೀರಿಗೆ ಬಿಟ್ಟ ಮೇಲೆ ಮಾಳಿಗೆಯ ಬಿಸಿಲಿಗೆ ಹರವಿದಳು. ಆರಿದ ಬೀಜವನ್ನು ಒರಳಲ್ಲಿ ಒಡೆದು ಹಕ್ಕಿಗಳಿಗೆ ಹಾಕಬೇಕು. ತೊಳೆದ ನೀರನ್ನೂ ಚೆಲ್ಲದೆ ಹೀರೆಬಳ್ಳಿಯ ಬುಡಕ್ಕೆ ಸುರಿದಳು.

ಕೆಳಗೆ ಗಂಡ ಮಾಲತೇಶನ ಬೀಜದಂಗಡಿ. ಹೋದ ಮುಂಗಾರಿನಲ್ಲಿ ಮಾರಾಟವಾಗದೆ ಅವಧಿ ಮೀರಿದ ಪಾಕೀಟುಗಳನ್ನು ಅವನೇ ಮೇಲೆ ತಂದು ಕೊಡುತ್ತಿದ್ದ. "ಔಷಧ ಹಚ್ಚ್ಯಾರ, ತೊಳದ ಹಾಕು. ನಿನ್ನ ಬೀಗರು ಉಣ್ಣಲಿ," ಎಂದು ನಗುತ್ತಿದ್ದ.

ದುಂಡಸಿಯ ತುಂಬಿದ ಮನೆಯಿಂದ ಹಿರೇಕೆರೂರಿಗೆ ಮದುವೆಯಾಗಿ ಬಂದವಳಿಗೆ ಬೀಗರು, ಬಳಗ ಎಲ್ಲ ಆ ಹಕ್ಕಿಗಳೇ. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ದಣಿದ ಗಂಡನಲ್ಲಿ ಸಂಜೆಗೆ ಮಾತು ಉಳಿದಿರುತ್ತಿರಲಿಲ್ಲ. ಅಂಗಡಿಗೆ ಇಳಿದು ಮಂದಿಯ ಮುಂದೆ ನಿಲ್ಲಬೇಕೆಂದರೆ ಇವಳ ನಾಲಿಗೆ ಒಣಗುತ್ತಿತ್ತು. ಹಾಗಾಗಿ ಮಾಳಿಗೆಯೇ ಅವಳ ಊರಾಯಿತು. ಎಣ್ಣೆ ಡಬ್ಬಿಗಳಲ್ಲಿ ತುಳಸಿ, ದಾಸವಾಳ. ಸೀಳಿದ ಡ್ರಮ್ಮಿನಲ್ಲಿ ಹೀರೆ, ಅವರೆ. ಜೇನುಹುಳ ಮುಳುಗಬಾರದೆಂದು ಕಲ್ಲು ಜೋಡಿಸಿದ ನೀರಿನ ಪರಾತ. ಪಾರಿವಾಳದಂಥ ಬೆಳವದ ಹಕ್ಕಿಗಳು ಬಂದಿಳಿದರೆ, "ಇವತ್ತ ಯಾಕ ತಡಾ ಮಾಡಿದ್ರಿ?" ಎಂದು ಕೇಳುವಳು.

ಒಂದು ಮಧ್ಯಾಹ್ನ ತುಳಸಿಯ ಬುಡದಲ್ಲಿ ಬೆಳವವೊಂದು ರೆಕ್ಕೆ ಚೆಲ್ಲಿ ಬಿದ್ದಿತ್ತು. ಬಿಸಿಲಿನ ಝಳವೆಂದುಕೊಂಡು ಪರಾತವನ್ನು ನೆರಳಿಗೆ ಸರಿಸಿದಳು. ಮರುದಿನ ಇನ್ನೊಂದು, ಅವಳ ಅಂಗೈಯಲ್ಲೇ ನಡುಗಿ ನಡುಗಿ ಕತ್ತು ಚೆಲ್ಲಿತು. ಕೊಕ್ಕಿನಲ್ಲಿ ಗೋವಿನಜೋಳದ ಚೂರು ಸಿಕ್ಕಿಕೊಂಡಿತ್ತು.

ಊಟಕ್ಕೆ ಬಂದ ಗಂಡನಿಗೆ ತೋರಿಸಿದಳು.

"ಬಿಸಲ ಭಾಳ ಐತಿ," ಎಂದ ಅವನು.

"ಬಿಸಲಿಗೆ ಕಾಗಿ ಯಾಕ ಸಾಯ್ಲಿಲ್ರಿ? ಬೀಜ ತಿಂದವು ಅಷ್ಟ ಸತ್ತಾವು."

"ತೊಳದಿದ್ದಿಲ್ಲೇನು?"

"ಬಣ್ಣ ಹೋಗೂ ಮಟಾ ತೊಳದೇನಿ. ಬಣ್ಣ ಅಷ್ಟ ಹೋಗೇತಿ."

ಮಾಲತೇಶನಿಗೆ ಸಿಟ್ಟು ಬಂತು. "ಔಷಧ ಹಚ್ಚಲಿಲ್ಲಂದ್ರ ಮೊಳಕಿ ಏಳೂಕಿಂತ ಮೊದ್ಲ ಹುಳ ತಿಂತಾವು. ರೈತರು ಏನ ಮಾಡಬೇಕು? ಉಳದದ್ದನ್ನ ಊರ ಮಂದಿ ಎಲ್ಲಾ ತೊಳದು ಕೋಳಿಗೆ ಹಾಕ್ತಾರ. ಇದೇನ ನಾ ಹುಟ್ಟಿಸಿದ ಪದ್ಧತಿ ಅಲ್ಲ."

"ಬಿತ್ತಬ್ಯಾಡ್ರಿ ಅಂದೇನೇನು?"

ಅವನು ತಟ್ಟೆ ಸರಿಸಿ ಎದ್ದ.

ಜಯಾ ಉಳಿದ ಬೀಜವನ್ನು ಕಟ್ಟಿ ಅವನ ಗೋದಾಮಿನಲ್ಲಿಟ್ಟಳು. ಗುಲಾಬಿ ನೀರು ಕುಡಿದ ಮಣ್ಣನ್ನೂ ಬಳ್ಳಿಯ ಸಮೇತ ತೆಗೆದು ಚೀಲಕ್ಕೆ ತುಂಬಿದಳು. ಹೊಸ ಮಣ್ಣಿಗೆ ಮತ್ತೆ ಹೀರೆ ಊರಿ, ಪಕ್ಕದಲ್ಲಿ ಅಡುಗೆಮನೆಯ ಡಬ್ಬಿಯೊಳಗಿನ ಸಜ್ಜೆ ಚೆಲ್ಲಿದಳು. ತೆನೆ ಕೊಯ್ಯುವುದಿಲ್ಲ, ಗಿಡದ ಮೇಲೇ ಬಿಡಬೇಕು, ಬಂದವು ತಿನ್ನಲಿ ಎಂದುಕೊಂಡಳು. ಮಳೆ ಶುರುವಾಗುವ ಹೊತ್ತಿಗೆ ತೆನೆ ಕಟ್ಟಿದವು. ಹಕ್ಕಿ ಮಾತ್ರ ಬರಲಿಲ್ಲ. ತೆನೆ ಗಾಳಿಗೆ ಆಡಿದರೂ ರೆಕ್ಕೆ ಬಡಿದಂತಾಗಿ ತಿರುಗಿ ನೋಡುತ್ತಿದ್ದಳು.

ಬಿತ್ತನೆ ಮುಗಿದ ವಾರ ಗಂಡನಿಗೆ ಚಹಾ ಕೊಡಲು ಮೆಟ್ಟಿಲಿಳಿಯುವಾಗ ಹಳ್ಳಿಯ ಹೆಂಗಸೊಬ್ಬಳ ದನಿ ಕೇಳಿಸಿತು.

"ಸಾವ್ಕಾರ್ರ, ಬಿತ್ತಿದ ಮ್ಯಾಲೆ ಒಂದೀಟ ಬೀಜ ಉಳದೈತಿ. ತೊಳದು ಕೋಳಿಗೆ ಹಾಕ್ಲ್ಯಾ?"

"ಬಣ್ಣ ಹೋಗೂ ಮಟಾ ತೊಳದು..." ಎಂದು ರೂಢಿಯಂತೆ ಬಾಯಿ ತೆರೆದ ಮಾಲತೇಶ ನಡುವೆಯೇ ಮಾತು ನಿಲ್ಲಿಸಿದ.

"ಹಾಕಬ್ಯಾಡ್ರಿ," ಎಂದಿತು ಮೆಟ್ಟಿಲ ಕಡೆಯ ದನಿ.

ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಕೊನೆಯ ಮೆಟ್ಟಿಲ ಮೇಲೆ ಜಯಾ ನಿಂತಿದ್ದಳು. ಕೈಯಲ್ಲಿ ಚಹಾದ ಲೋಟ.

"ಯಾಕವಾ? ಹ್ವಾದ ವರ್ಷನೂ ಹಾಕಿದ್ದೆ," ಎಂದಳು ಆ ಹೆಂಗಸು, ಕರೆವ್ವ.

"ಕೋಳಿ ಉಳದ್ವೇನ್ರಿ?"

ಕರೆವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ರೋಗ ಬಂದೈತಿ ಅಂತ ತಿಳದಿದ್ದೆ..."

ಮಾಲತೇಶ ಹೆಂಡತಿಯನ್ನು ನೋಡಿದ. ಆಮೇಲೆ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದ: "ಆಕಿ ಹೇಳೂದು ಖರೆ. ತೊಳದರೂ ಹಾಕಬ್ಯಾಡ್ರಿ. ನಾ ಇಷ್ಟು ದಿವಸ ತಪ್ಪ ಹೇಳೇನಿ. ಉಳದದ್ದು ನನಗ ತಂದ ಕೊಡ್ರಿ."

"ನೀನೂ ಕೋಳಿ ಸಾಕಿದ್ದೇನವಾ?" ಕರೆವ್ವ ಕೇಳಿದಳು.

"ಇಲ್ರಿ. ಹಕ್ಕಿ ಬರ್ತಿದ್ವು." ಜಯಾ ಚಹಾದ ಲೋಟವನ್ನು ಗಂಡನ ಮುಂದಿಟ್ಟಳು. "ಮ್ಯಾಲೆ ಬರ್ರಿ, ತೋರಸ್ತೇನಿ."

ಅವಳು ಯಾರನ್ನಾದರೂ ಮಾಳಿಗೆಗೆ ಕರೆದದ್ದು ಅದೇ ಮೊದಲು. ಕರೆವ್ವ ಸಜ್ಜೆಯ ತೆನೆಯನ್ನು ಸವರಿದಳು, ಪರಾತದ ನೀರು ನೋಡಿದಳು. ಎಲ್ಲೂ ಒಂದು ರೆಕ್ಕೆಯ ಸಪ್ಪಳವಿರಲಿಲ್ಲ.

"ಮತ್ತ ಬರ್ತಾವೇನ?"

"ಗೊತ್ತಿಲ್ರಿ."

ಕರೆವ್ವ ಹೀರೆಬಳ್ಳಿಯ ನೆರಳಿನಲ್ಲಿ ಕಾಲು ಚಾಚಿ ಕೂತಳು. "ನಮ್ಮ ಬಸ್ಸಿಗೆ ಇನ್ನೂ ಹೊತ್ತೈತಿ. ನೀನೂ ಕುಂಡ್ರು ಬಾ, ನೋಡೂಣು."