ಉಂಗುರ ಬೆರಳಿನ ಅರ್ಧ

೧
ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವಾಚ್ ರಿಪೇರಿಯವಳ ಬಲಗೈಯಿಂದ ಚಿಮುಟ ಜಾರಿ ನೆಲಕ್ಕೆ ಬಿತ್ತು. ಕಥೆಯೊಂದು ಇಷ್ಟು ಸಣ್ಣ ಸದ್ದಿನಿಂದ ಶುರುವಾಗಬಹುದೇ? (ಸುದ್ದಿಯಾಗಿದ್ದರೆ ಒಳಪುಟದಲ್ಲೂ ಜಾಗ ಸಿಗುತ್ತಿರಲಿಲ್ಲ.) ಆದ್ದರಿಂದ ನಾನು ಅವಳಿಗೆ ಲಕ್ವ ಹೊಡೆಸಿದೆ. ಬಾಯಿ ಸೊಟ್ಟಗಾಯಿತು, ಆಂಬುಲೆನ್ಸ್ ಬಂತು.

"ಏನ್ರೀ ಬರೆಯೋರೇ, ನನ್ನ ಬಾಯಿ ನೆಟ್ಟಗಿದೆ," ಎಂದು ಅವಳು ನಡುವೆಯೇ ತಡೆದಳು. "ಮರಗಟ್ಟಿರೋದು ಕಿರುಬೆರಳು, ಆಮೇಲೆ ಉಂಗುರ ಬೆರಳಲ್ಲಿ ಅರ್ಧ."

"ಅರ್ಧ ಅಂದ್ರೆ? ತುದಿನಾ, ಬುಡಾನಾ?"

"ಉದ್ದಕ್ಕೆ ಸೀಳಿದ ಹಾಗೆ. ಕಿರುಬೆರಳ ಕಡೆ ಸತ್ತಿದೆ, ನಡುಬೆರಳ ಕಡೆ ಬದುಕಿದೆ."

ನಾನು ನಂಬಲಿಲ್ಲ. ನೀವಾದರೂ ನಂಬುತ್ತಿದ್ದಿರಾ?

೩
(ಎರಡನೆಯದನ್ನು ಹರಿದುಹಾಕಿದ್ದೇನೆ. ಅದರಲ್ಲಿ ಇಡೀ ಕೈ ಮರಗಟ್ಟಿತ್ತು.)

ತಿದ್ದುಪಡಿ: ಅವಳು ಹೇಳಿದ್ದೇ ಸರಿ. ಮೆದುಳು, ಬೆನ್ನುಹುರಿಗಳಿಂದಾಚೆ ಮೈತುಂಬ ಹರಡಿರುವ ನರಗಳೆಲ್ಲ ಸೇರಿ ಪರಿಧಿ ನರಮಂಡಲ. ಮೆದುಳಿನಿಂದ ಹನ್ನೆರಡು ಜೋಡಿ, ಬೆನ್ನುಹುರಿಯಿಂದ ಮೂವತ್ತೊಂದು ಜೋಡಿ. ಕತ್ತಿನ ಕಡೆಯಿಂದ ಹೊರಟ ಕೆಲವು ಹೆಗಲ ಬಳಿ ಜಡೆಯಂತೆ ಹೆಣೆದುಕೊಂಡು, ಹೊಸ ಹೆಸರು ಹೊತ್ತು ಕೈಗೆ ಇಳಿಯುತ್ತವೆ. ಅವುಗಳಲ್ಲಿ ಅಲ್ನರ್ ಎಂಬುದು ಮೊಣಕೈಯ ಹಿಂದೆ ತೊಗಲಿನ ಕೆಳಗೇ ಹಾಯುತ್ತದೆ. (ಬಾಗಿಲಿಗೆ ಮೊಣಕೈ ಬಡಿದಾಗ ಝುಂ ಎಂದದ್ದು ಅದೇ.) ಕಿರುಬೆರಳು ಪೂರ್ತಿ ಅದರದು. ಉಂಗುರ ಬೆರಳು ಮಾತ್ರ ಸಾಮಾನ್ಯವಾಗಿ ಅಣ್ಣತಮ್ಮಂದಿರ ಹಿಸ್ಸೆಯಾದ ಮನೆ: ಅರ್ಧ ಅಲ್ನರ್‌ಗೆ, ಅರ್ಧ ಮೀಡಿಯನ್ ಎಂಬ ಇನ್ನೊಂದಕ್ಕೆ.

೪
"ಈ ಕಾಗದಾನ ಹೆಬ್ಬೆರಳು, ತೋರುಬೆರಳ ಮಧ್ಯೆ ಬಿಗಿಯಾಗಿ ಹಿಡ್ಕೊಳ್ಳಿ. ನಾನು ಎಳೀತೀನಿ," ಎಂದರು ಡಾಕ್ಟರಮ್ಮ.

ಎಡಗೈ ಬಿಡಲಿಲ್ಲ. ಬಲಗೈಯ ಹೆಬ್ಬೆರಳ ತುದಿ ತಾನಾಗಿ ಮಡಚಿಕೊಂಡಿತು. ಕಾಗದ ಬಂದುಬಿಟ್ಟಿತು.

"ಹೆಬ್ಬೆರಳನ್ನ ಒತ್ತಿಹಿಡಿಯೋ ಸ್ನಾಯುಗೂ ಇದೇ ನರ. ಅದು ಮೊಣಕೈಲಿ ಅದುಮಿಹೋಗಿದೆ. ಕೆಲಸ ಮಾಡೋವಾಗ ಮೊಣಕೈ ಊರ್ತೀರಾ?"

ವಾಚ್ ರಿಪೇರಿಯ ಮೇಜು ಎದೆಮಟ್ಟ ಇರುತ್ತದೆ. ಮೊಣಕೈ ಊರಿದರೆ ಕೈ ನಡುಗದು. ಅವಳು ಹತ್ತೊಂಬತ್ತು ವರ್ಷ ಊರಿದ್ದಾಳೆ.

"ಇನ್ಮೇಲೆ ಊರಬೇಡಿ."

"ಈಜಿ, ಆದ್ರೆ ನೀರಿಗಿಳೀಬೇಡಿ ಅಂದ ಹಾಗಾಯ್ತಲ್ಲ ಡಾಕ್ಟರಮ್ಮ!"

"ಹಾಗಾದ್ರೆ ಆಪರೇಷನ್. ನರಾನ ಮೊಣಕೈ ಹಿಂದಿನಿಂದ ಮುಂದಕ್ಕೆ ಸರಿಸ್ತಾರೆ."

"ಅಂಗಡಿ ಮುಚ್ಚಿಬಿಡಕ್ಕ," ಎಂದ ಜೊತೆಗೆ ಬಂದಿದ್ದ ತಮ್ಮ. "ಈಗ ಎಲ್ರೂ ಫೋನಲ್ಲೇ ಟೈಮ್ ನೋಡ್ತಾರೆ."

"ನಿನ್ನ ಬಾಯಿಗೂ ನರ ಇದೆಯಂತೆ ಕಣೋ. ಅದ್ಯಾಕೆ ಅದುಮಿಹೋಗಲ್ವೋ!"

ಆಪರೇಷನ್ ಮಾಡಿಸಿಕೊಂಡಳು.

೫
ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ.

(ಅ) ಬೆರಳಿಗೆ ಜೀವ ಬರುತ್ತದೆ. ಚಪ್ಪಾಳೆ.

(ಆ) ಬರುವುದಿಲ್ಲ. ಅಂಗಡಿಯ ಬೀಗದ ಕೈಯನ್ನು ತಮ್ಮನಿಗೆ ಕೊಡುತ್ತಾಳೆ. ಕಣ್ಣೀರು.

"ಅವನಿಗಾ?" ಎಂದಳು. "ಪೆನ್ನಿಗೆ ರೀಫಿಲ್ ಹಾಕೋಕೂ ಬರಲ್ಲ ಅವನಿಗೆ! ಮೊದಲನೇದೇ ಬರೀರಿ."

"ಬರೆದರೆ ಆಗಿಬಿಡುತ್ತಾ?"

"ಬೇರೆ ಕೆಲಸ ಬರಲ್ಲ ಕಣ್ರೀ ನನಗೆ," ಎಂದಳು. "ಹಿಡಿತ ವಾಪಸ್ ಬರತ್ತಾ, ಅಷ್ಟು ಹೇಳಿ ಸಾಕು."

ಬಂತು ಎಂದು ಬರೆಯುವುದು ಸುಲಭ. ನರ ಕಥೆ ಓದುವುದಿಲ್ಲ. ಒಳಗಿನ ಎಳೆಗಳು ಸತ್ತಿದ್ದರೆ, ಒತ್ತಡ ತೆಗೆದ ಮೇಲೆ ಅವು ಮೊಣಕೈಯಿಂದ ಮತ್ತೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತವೆ, ಬೆಳೆದರೆ. ಅವಳ ಮೊಣಕೈಯಿಂದ ಕಿರುಬೆರಳ ತುದಿಗೆ ನಲವತ್ತು ಸೆಂಟಿಮೀಟರ್. ಅಂದರೆ ನಾನೂರು ದಿನ. ಆಪರೇಷನ್ ಆಗಿ ಇವತ್ತಿಗೆ ಅರವತ್ತೆರಡನೆಯ ದಿನ. ಆರು ಸೆಂಟಿಮೀಟರಿನಾಚೆ ಬರೆಯುವ ಹಕ್ಕು ನನಗಿಲ್ಲ.

೬
ಇವತ್ತು ಹನ್ನೊಂದಕ್ಕೆ ಬಡಗಿ ಬಂದು ಅವಳ ಮೇಜಿನ ಅಂಚು ಕೊರೆದು, ಮೊಣಕೈ ಎಲ್ಲೂ ತಾಗದಂತೆ, ಮುಂಗೈಗಷ್ಟೇ ಆಸರೆಯಾಗುವ ಹಲಗೆ ಬಡಿದು ಹೋದ. ಮಧ್ಯಾಹ್ನ ಅವಳು ಎರಡು ವಾಚುಗಳಿಗೆ ಸೆಲ್ ಹಾಕಿದಳು. ಚಿಮುಟದಲ್ಲಿ ಹಲ್ಲುಚಕ್ರ ಎತ್ತಬೇಕಿದ್ದ ಮೂರನೆಯದನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಗಿರಾಕಿಗೆ ನಾಳೆ ಬನ್ನಿ ಎಂದಳು.