ನಾಲ್ಕು ಬೆರಳು ಕೆಳಗೆ

ಲಿಫ್ಟ್ ಆರನೆಯ ಮಹಡಿಗೆ ಬಂದು ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಹೊರಗೆ ಕಾಲಿಡಹೋದ ಕನ್ನಡಕದಂಗಡಿಯವನು ಮುಗ್ಗರಿಸಿದ. ಕೈಯಲ್ಲಿದ್ದ ಗಿಟಾರ್ ಪೆಟ್ಟಿಗೆ ಬಾಗಿಲಿಗೆ ಬಡಿದು, ಒಳಗಿನ ತಂತಿಗಳು ಗುಂಯ್ ಎಂದವು.

"ಮೆಲ್ಲಗೆ ಮಾರಾಯ," ಅಂದರು ಜೊತೆಗಿದ್ದ ಗಣಿತದ ಮೇಷ್ಟ್ರು. "ಲಿಫ್ಟಣ್ಣನ ಗಿಟಾರನ್ನ ಅವನ ಮನೆ ಬಾಗಿಲಲ್ಲೇ ಒಡೀಬೇಡ."

ಕನ್ನಡಕದವನು ತಿರುಗಿ ಲಿಫ್ಟಿನೊಳಗೆ ನೋಡಿದ. ಮೇಲೆ ಬರುವಷ್ಟು ಹೊತ್ತೂ ನೆತ್ತಿಯ ಮೇಲೆ ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಕೇಳಿಸಿತ್ತು. ಲಿಫ್ಟಿನ ಗೋಡೆಗೆ ತೂಗುಹಾಕಿದ್ದ ಕಾರ್ಡಿನಲ್ಲಿ ನಾಲ್ಕು ದಿನದ ಹಿಂದಿನ ತಾರೀಖು, 'ಸರಿಯಿದೆ' ಎಂಬ ಒಂದು ಮಾತು, ಅದರ ಕೆಳಗೆ ಲಿಫ್ಟಣ್ಣನ ಸಹಿ. ಸಹಿ ಹಾಕಿದವನು ಈಗ ಒಳಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಆ ಹೆಸರೇ ಗಟ್ಟಿಯಾಗಿತ್ತು. ಈ ಕಟ್ಟಡ, ಇನ್ನೂ ಹತ್ತು ಕಟ್ಟಡ ಅವನ ಸುಪರ್ದಿಯಲ್ಲಿದ್ದವು. ನಿನ್ನೆ ಬೆಳಗ್ಗೆ ಐದನೆಯ ಮಹಡಿಯ ತಿರುವಿನಲ್ಲಿ, ಸುಧಾರಿಸಿಕೊಳ್ಳಲೆಂದು ಮೆಟ್ಟಿಲ ಮೇಲೆ ಕೂತವನು ಕೂತ ಹಾಗೇ ಹೋಗಿಬಿಟ್ಟಿದ್ದ. ಲಿಫ್ಟಿನವನು ಮೆಟ್ಟಿಲ ಮೇಲೆ ಸತ್ತ ಎಂದು ಕೆಳಗೆ ಯಾರೋ ಆಡಿಕೊಳ್ಳುತ್ತಿದ್ದರು. ಸಾವಿನ ಮನೆಯಲ್ಲೂ ಜನರ ನಾಲಿಗೆಗೆ ರಜೆಯಿಲ್ಲ.

ಮನೆಯೊಳಗೆ ಹೊಲಿಗೆಯಂಗಡಿಯ ಅಕ್ಕ ಲಿಫ್ಟಣ್ಣನ ಹೆಂಡತಿಯ ಕೈ ಹಿಡಿದು ಕೂತಿದ್ದಳು. ಕನ್ನಡಕದವನು ಗಿಟಾರನ್ನು ಮೂಲೆಗೆ ಒರಗಿಸಿ ಅವರೆದುರು ಕುಳಿತ.

"ಲಿಫ್ಟ್ ಇದ್ದೂ ಮೆಟ್ಟಿಲು ಯಾಕೆ ಹತ್ತಿದ, ಅತ್ತಿಗೆ?"

"ನಿನ್ನೆ ಒಂದಿನ ಅಲ್ಲಪ್ಪ. ಎರಡು ವರ್ಷ ಆಯ್ತು ಲಿಫ್ಟಲ್ಲಿ ಓಡಾಡೋದು ಬಿಟ್ಟು. ಡಾಕ್ಟರು ವ್ಯಾಯಾಮ ಮಾಡೋಕೆ ಹೇಳಿದಾರೆ ಅಂತಿದ್ರು. ನನ್ನನ್ನೂ ಹತ್ತಿಸ್ತಿದ್ರು. ಮಂಡಿನೋವು ಅಂತ ಅತ್ರೂ ಬಿಡ್ತಿರಲಿಲ್ಲ."

ಕನ್ನಡಕದವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ನೆಲ ನೋಡುತ್ತಿದ್ದರು.

*

ಭಾನುವಾರ ಮಧ್ಯಾಹ್ನ ಹೊಲಿಗೆಯಂಗಡಿಯ ಹಿಂದಿನ ಕೋಣೆಯಲ್ಲಿ ಲಿಫ್ಟಣ್ಣನೂ ಸೇರಿ ನಾಲ್ವರೂ ಗಿಟಾರು ಹಿಡಿದು ಸೇರುತ್ತಿದ್ದರು. ಯಾರೂ ದೊಡ್ಡ ವಾದಕರಲ್ಲ. ಅವರ ಕಚೇರಿಗೆ ಅರ್ಧ ಹೊಲಿದ ಕೋಟುಗಳೇ ಸಭಿಕರು. ಹೊಸಬರು ಬಂದರೆ ಮಾತ್ರ ಒಂದು ಕಟ್ಟಳೆಯಿತ್ತು: ಎಲ್ಲರೂ ತಾವು ಕಲಿತ ಬಗೆ, ತಮಗಿಷ್ಟವಾದ ಸಂಗೀತ ಹೇಳಿಯೇ ತಂತಿ ಮುಟ್ಟಬೇಕು. ಕಳೆದ ವರ್ಷ ಒಬ್ಬಳು ನರ್ಸ್ ಬಂದಿದ್ದಳು.

"ನಾನು ಕಲಿತಿದ್ದು ಹೆಂಡತಿಗೆ ಹೆದರಿ," ಅಂದರು ಮೇಷ್ಟ್ರು. "ಸುಮ್ನೆ ಕೂತ್ರೆ ತರಕಾರಿ ಹೆಚ್ಚೋಕೆ ಹಚ್ತಿದ್ಲು. ನನಗೆ ಒಂದೊಂದೇ ತಂತಿ ಮೀಟೋ ಹಳೇ ಸಂಗೀತ ಇಷ್ಟ. ಲೆಕ್ಕ ಮಾಡಿದ ಹಾಗೆ, ಶೇಷ ಉಳಿಯಲ್ಲ."

"ನನಗೆ ಕುಣಿಯೋ ಅಂಥದ್ದು ಬೇಕಪ್ಪ," ಅಂದಳು ಹೊಲಿಗೆಯಕ್ಕ. "ಮಷಿನ್ ತುಳಿದೂ ತುಳಿದೂ ಕಾಲಿಗೆ ತಾಳ ಬಂದಿತ್ತು, ಅದನ್ನೇ ಕೈಗೆ ಕಲಿಸಿದೆ."

ಲಿಫ್ಟಣ್ಣ ನಾಲ್ಕೂ ಗಿಟಾರುಗಳ ಶ್ರುತಿ ಮಾಡಿ ಮುಗಿಸಿ ಬಾಯಿಬಿಟ್ಟ. ಅದು ಅವನ ಕೆಲಸ, ಬೇರೆಯವರು ಬಿರಡೆ ಮುಟ್ಟುವಂತಿರಲಿಲ್ಲ. "ನನಗೆ ಕಿವಿಯೇ ಗುರು. ಹಗ್ಗ ಸವೆದ್ರೂ, ಬ್ರೇಕ್ ಸಡಿಲಾದ್ರೂ ಲಿಫ್ಟು ಮೊದಲು ಸದ್ದಲ್ಲೇ ಹೇಳುತ್ತೆ. ಅದನ್ನ ಕೇಳ್ತಾ ಕೇಳ್ತಾ ಗಿಟಾರೂ ಬಂತು. ನಿಧಾನದ ಸಂಗೀತ ನನಗೆ ಪ್ರಾಣ. ಕೊನೇ ಸ್ವರ ಕೆಳಗೆ ಇಳಿದು, ತಾನಾಗೇ ನಿಲ್ಲಬೇಕು. ಜನರನ್ನ ಜೋಪಾನವಾಗಿ ಇಳಿಸಿದ ಹಾಗೆ."

ನುಡಿಸುವಾಗ ಅವನು ಗಿಟಾರಿನ ಅಂಚಿಗೆ ಗದ್ದ ಒತ್ತಿಕೊಂಡಿದ್ದ. ಅದು ಹೊಸ ಅಭ್ಯಾಸ, ತಂತಿಯ ಕಂಪನವನ್ನು ಮೂಳೆಯಿಂದಲೇ ಕೇಳುವವನ ಹಾಗೆ. ನರ್ಸ್ ತನ್ನ ಫೋನಿನಲ್ಲಿದ್ದ ಶ್ರುತಿಮಾಪಕವನ್ನು ತಂತಿಯ ಹತ್ತಿರ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು.

"ನಿಮ್ಮ ನಾಲ್ಕೂ ಗಿಟಾರು ಅರ್ಧ ಸ್ವರ ಕೆಳಗಿವೆಯಲ್ಲ?"

ಮೂವರಿಗೂ ಅದು ತಿಂಗಳುಗಳಿಂದ ಗೊತ್ತಿತ್ತು. ಮನೆಗೆ ಹೋಗಿ ಬಿರಡೆ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದರು, ಭಾನುವಾರ ಮತ್ತೆ ಅವನ ಕೈಗೆ ಕೊಡುತ್ತಿದ್ದರು. ನಾಲ್ವರೂ ಒಟ್ಟಿಗೆ ಇಳಿದರೆ ಯಾರೂ ಇಳಿದ ಹಾಗೆ ಕೇಳುವುದಿಲ್ಲ. ಲಿಫ್ಟಣ್ಣ ಅವಳ ಮಾತು ಕೇಳಿಸದೆ, ತುಟಿಯನ್ನೇ ನೋಡುತ್ತ ನಗುತ್ತಿದ್ದ.

"ಇಲ್ಲಿನ ಶ್ರುತಿಯೇ ಹಾಗಮ್ಮ," ಅಂದುಬಿಟ್ಟ ಕನ್ನಡಕದವನು.

ದಿನಕ್ಕೆ ಹತ್ತು ಜನ ಅಪರಿಚಿತರಿಗೆ ನಿಮ್ಮ ಕಣ್ಣು ಮಂಜಾಗಿದೆ ಎಂದು ಮುಖಕ್ಕೆ ಹೇಳುವ ಮನುಷ್ಯ. ಗೆಳೆಯನ ಕಿವಿ ಹೋಗಿದೆ ಎನ್ನಲು ಬಾಯಿ ಬರಲಿಲ್ಲ. ನರ್ಸ್ ಮುಂದಿನ ವಾರ ಬರಲಿಲ್ಲ.

*

ಶವವಾಹನದ ಚಾಲಕ ಮೇಲೆ ಬಂದು ಹೊತ್ತಾಯಿತೆಂದ. ನೆರೆಮನೆಯ ನಾಲ್ವರು ಗಂಡಸರು ಸ್ಟ್ರೆಚರ್ ಎತ್ತಿಕೊಂಡು ಮೊಗಸಾಲೆಗೆ ಬಂದರು. ಹಿಂದೆ ಹೆಂಡತಿ, ಮಗಳು. ಚಾಲಕ ಗುಂಡಿ ಒತ್ತಿದ. ಬಾಗಿಲು ತೆರೆದಾಗ ಲಿಫ್ಟಿನ ನೆಲ ಇನ್ನೂ ಒಂದಿಷ್ಟು ತಗ್ಗಿದಂತಿತ್ತು.

"ದೊಡ್ಡ ಲಿಫ್ಟು, ಎಲ್ಲರೂ ಹಿಡೀತಾರೆ. ಬನ್ನಿ," ಅಂದ ಚಾಲಕ.

"ಅಪ್ಪ ಕಾಪಾಡಿಕೊಂಡು ಬಂದ ಲಿಫ್ಟು," ಅಂದಳು ಮಗಳು. "ಅದರಲ್ಲೇ ಹೋಗಲಿ."

ಕನ್ನಡಕದವನು ಮೂಲೆಯಲ್ಲಿದ್ದ ಗಿಟಾರ್ ಪೆಟ್ಟಿಗೆ ಎತ್ತಿಕೊಂಡು ಓಡಿಬಂದು ಬಾಗಿಲಿಗೆ ಅಡ್ಡ ನಿಂತ.

"ಬೇಡ. ಯಾರೂ ಹತ್ತಬೇಡಿ. ಇದು ಸರಿಯಿಲ್ಲ."

"ಸರಿಯಿಲ್ವಾ? ನಾಲ್ಕು ದಿನದ ಹಿಂದೆ ಅಪ್ಪನೇ ನೋಡಿದಾರೆ, ಚಿಕ್ಕಪ್ಪ."

"ನೋಡಿದಾನೆ, ಕೇಳಿಲ್ಲ. ಅವನಿಗೆ ಕಿವಿ ಕೇಳಿಸ್ತಿರಲಿಲ್ಲ, ಮಗಳೇ. ನಮಗೆ ಗೊತ್ತಿತ್ತು. ನಾವೇ ಮುಚ್ಚಿಟ್ವಿ."

ಮಗಳ ಮುಖ ಕೆಂಪಾಯಿತು. "ಇವತ್ತೇ ಹೇಳಬೇಕಿತ್ತಾ? ಅಪ್ಪ ಇನ್ನೂ ಮನೆಯಿಂದ ಹೊರಟಿಲ್ಲ, ಆಗಲೇ ಹೆಸರಿಗೆ ಮಸಿ ಬಳೀತಿದೀರಾ?"

"ಎಂದೋ ಹೇಳಿದ್ದಿದ್ರೆ, ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತೋದು ತಪ್ಪಿ ಅವನು ಬದುಕಿರ್ತಿದ್ದ," ಅಂದಳು ಹೊಲಿಗೆಯಕ್ಕ. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಸಿಗಲ್ಲ ಅಂತಾರಲ್ಲ, ಹಾಗಾಯ್ತು ನಮ್ಮದು."

ಹೆಂಡತಿ ಮಾತ್ರ ಲಿಫ್ಟಿನೊಳಗಿನ ಕಾರ್ಡನ್ನೇ ನೋಡುತ್ತಿದ್ದಳು. "ಹಿಂದಿನಿಂದ ಕರೆದ್ರೆ ತಿರುಗ್ತಿರಲಿಲ್ಲ," ಅಂದಳು ನಿಧಾನವಾಗಿ. "ಎರಡು ವರ್ಷ. ನನ್ನ ಮೇಲೆ ಏನೋ ಸಿಟ್ಟು ಅಂದ್ಕೊಂಡಿದ್ದೆ. ನಾನೂ ಮಾತು ಕಮ್ಮಿ ಮಾಡಿದೆ."

ಲಿಫ್ಟಿನ ಮೇಲಿಂದ ಸಣ್ಣದೊಂದು ಟಕ್ ಎಂಬ ಸದ್ದು ಬಂತು, ಸ್ವಲ್ಪ ಬಿಟ್ಟು ಇನ್ನೊಂದು. ಸ್ಟ್ರೆಚರ್ ಹಿಡಿದವರು ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿದರು.

"ಮೆಟ್ಟಿಲಲ್ಲೇ ಇಳಿಸಿ," ಅಂದಳು ಹೆಂಡತಿ. "ಅವರಿಗೆ ಅಭ್ಯಾಸ ಇದೆ."

ಮೇಷ್ಟ್ರು ಒದ್ದೆ ದನಿಯಲ್ಲಿ ಕೇಳಿದರು: "ಇನ್ನೂ ಹತ್ತು ಕಟ್ಟಡ ಇವೆಯಲ್ಲ?"

ಮಗಳು ಸೆರಗಿನೊಳಗಿನಿಂದ ಅಪ್ಪನ ಫೋನು ತೆಗೆದಳು. ಅವಳ ಸಿಟ್ಟು ಇಳಿದು ಆ ಜಾಗದಲ್ಲಿ ಬೇರೇನೋ ಬಂದಿತ್ತು. "ಬೆಳಗ್ಗೆಯಿಂದ ಒಂದೇ ನಂಬರಿನಿಂದ ಮೂರು ಸಲ ಕರೆ ಬಂದಿದೆ. ಯಾವುದೋ ಕಟ್ಟಡದ ಕಾವಲುಗಾರ. ಸಾವಿನ ಸುದ್ದಿ ಕೇಳೋಕೆ ಇರಬೇಕು ಅಂತ ನಾನು ತೆಗೀಲಿಲ್ಲ."

"ಈಗ ಮಾಡಮ್ಮ," ಅಂದ ಕನ್ನಡಕದವನು. "ಅವನಿಗೂ, ಉಳಿದ ಕಟ್ಟಡಗಳಿಗೂ ಲಿಫ್ಟು ನಿಲ್ಲಿಸೋಕೆ ಹೇಳು. ಯಾಕೆ ಅಂತ ಕೇಳಿದ್ರೆ ಫೋನು ನನ್ನ ಕೈಗೆ ಕೊಡು."

ಅವಳು ಫೋನನ್ನು ಕಿವಿಗೆ ಹಿಡಿದು ಮೆಟ್ಟಿಲಿಳಿಯತೊಡಗಿದಳು. ಆಚೆಬದಿ ರಿಂಗಾಗುತ್ತಲೇ ಇತ್ತು. ಮೇಷ್ಟ್ರು ಸ್ಟ್ರೆಚರಿನ ಒಂದು ಮೂಲೆಗೆ ಹೆಗಲು ಕೊಟ್ಟರು. ಕನ್ನಡಕದವನು ಕೊನೆಯವನಾಗಿ ಉಳಿದು, ಗಿಟಾರ್ ಪೆಟ್ಟಿಗೆಯನ್ನು ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಮಲಗಿಸಿ, ಅವರ ಹಿಂದೆ ಇಳಿದ.

ಆರನೆಯ ಮಹಡಿ ಖಾಲಿಯಾಯಿತು. ಕೆಳಗೆ ಯಾರೋ ಗುಂಡಿ ಒತ್ತಿದರು. ಬಾಗಿಲು ಮುಚ್ಚಲು ಬಂದು, ಪೆಟ್ಟಿಗೆಗೆ ತಾಕಿ, ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ತಾಕಿದಾಗಲೆಲ್ಲ ಪೆಟ್ಟಿಗೆಯೊಳಗೆ ಅರ್ಧ ಸ್ವರ ಕೆಳಗಿದ್ದ ತಂತಿಗಳು ಗುಂಯ್ ಎನ್ನುತ್ತಿದ್ದವು.