ಮಾನ್ವಿ ಮಿಲ್ಲಿನ ಬಾಡದ ಲಿಂಬೆಹಣ್ಣು

ಕನಕರಾಯನಿಗೆ ಶಶಿಕಲಾಳನ್ನು ಕಂಡರೆ ಆಗುತ್ತಿರಲಿಲ್ಲ. ಅವಳ ಫೋನು ಬಂದರೆ ಇನ್ನೂ ಆಗುತ್ತಿರಲಿಲ್ಲ. ಹಿರೇಕೊಟ್ನೆಕಲ್‌ನಿಂದ ಬಂದು, ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡಿ, ಮೈಮುರಿದು ದುಡಿದು ಸೂಪರ್‌ವೈಸರ್ ಆದವನು ಅವನು. ಅಂಥವನಿಗೆ ನಿನ್ನೆ ಮೊನ್ನೆ ವಕೀಲಿ ಓದಿ ಮುಗಿಸಿದ ದೇವದುರ್ಗದ ಹುಡುಗಿಯೊಬ್ಬಳು ರಾಯಚೂರಿನ ಆಫೀಸಿನಲ್ಲಿ ಕೂತು 'ಫೋಟೊ ಬಂದಿಲ್ಲ' ಎಂದು ದಿನಾ ಬೆಳಿಗ್ಗೆ ಚುಚ್ಚಿದರೆ ಮೈಯೆಲ್ಲ ಉರಿಯುತ್ತಿತ್ತು.

ಮಾಲೀಕ ಪ್ರಭುರಾಜ ಸಾವ್ಕಾರರಿಗೆ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಮಿಲ್ಲುಗಳಿದ್ದವು. ಮೊದಲೆಲ್ಲ ಕಾನೂನಿನ ಕೆಲಸವೆಂದರೆ ಒಂದು ರಿಜಿಸ್ಟರು, ಅದರ ಕೆಳಗೆ ಸಾವ್ಕಾರರ ರುಜು, ಇನ್‌ಸ್ಪೆಕ್ಟರ್ ಬಂದರೆ ಚಹಾ. ಕಾಲ ಬದಲಾಯಿತೆಂದು ಈಗ ಒಂದು ಆ್ಯಪ್ ಕೊಂಡು, ಅದನ್ನು ನೋಡಿಕೊಳ್ಳಲು ಶಶಿಕಲಾಳನ್ನು ನೇಮಿಸಿದ್ದರು. ತಿರುಗುವ ಬೆಲ್ಟಿಗೆ ಯಾರ ಕೈಯೂ ಸಿಗದಂತೆ ಕಬ್ಬಿಣದ ಜಾಲಿ ಹಾಕಿದ್ದು ಕಾಣುವಂತೆ ಬೆಳಿಗ್ಗೆ ಫೋಟೊ ಕಳಿಸಬೇಕು. 'ಜಾಲಿ ಇದೆಯೇ?' ಎಂಬ ಪ್ರಶ್ನೆಗೆ 'ಹೌದು' ಒತ್ತಿ ಹೆಬ್ಬೆರಳು ಇಡಬೇಕು. ಆಮೇಲೆಯೇ ಯಂತ್ರದ ಸ್ವಿಚ್ಚು.

ಜಾಲಿ ಇದ್ದದ್ದು ಮಿಲ್ಲಿನ ಹಿತ್ತಲಲ್ಲಿ. ಬೆಲ್ಟು ಜಾರಿದಾಗಲೆಲ್ಲ ನಟ್ಟು ಬಿಚ್ಚುತ್ತ ಕೂರುವುದು ರೇಜಿಗೆಯೆಂದು ಕನಕರಾಯನೇ ಅದನ್ನು ತೆಗೆಸಿ ಹಾಕಿದ್ದ. ಅವನ ಅಕ್ಕ ಅಯ್ಯಮ್ಮ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಅಯ್ಯಮ್ಮ ಅದೇ ಮಿಲ್ಲಿನಲ್ಲಿ, ಅದೇ ಬೆಲ್ಟಿನ ಬುಡದಲ್ಲಿ ತೌಡು ಗುಡಿಸುವವಳು. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡೇ ಕೂಲಿಗೆ ಹೋದವಳು. ಊರೆಲ್ಲರ ಮೇಲೆ ಹಾರಾಡುವ ಕನಕರಾಯ ತುಟಿಪಿಟಕ್ಕೆನ್ನದೆ ಬೈಸಿಕೊಳ್ಳುತ್ತಿದ್ದುದು ಅವಳೊಬ್ಬಳಿಂದ.

ಅಮಾವಾಸ್ಯೆಯ ದಿನ ಮಾತ್ರ ಜಾಲಿಗೆ ಮರ್ಯಾದೆ ಸಿಗುತ್ತಿತ್ತು. ಅಂದು ಮಿಲ್ಲು ಬಂದ್. ಯಂತ್ರವನ್ನು ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಲಿಂಬೆಹಣ್ಣು ಕಟ್ಟಿ ಕಾಯಿ ಒಡೆಯುತ್ತಾರೆ. ಅರೆಬರೆ ಯಂತ್ರಕ್ಕೆ ಪೂಜೆ ಮಾಡಿದರೆ ಆಗಿಬರುವುದಿಲ್ಲವೆಂದು ಜಾಲಿಯನ್ನೂ ಅಂದು ಅದರ ಜಾಗಕ್ಕೆ ಕೂರಿಸುತ್ತಿದ್ದರು. ಅಂಥದೊಂದು ಅಮಾವಾಸ್ಯೆಗೆ ಕನಕರಾಯ ಒಂದು ಫೋಟೊ ಹೊಡೆದಿಟ್ಟುಕೊಂಡ. ಆ್ಯಪು ಹಳೇ ಫೋಟೊವನ್ನೂ ಬೇಡವೆನ್ನುತ್ತಿರಲಿಲ್ಲ. ಮರುದಿನ ಜಾಲಿ ಹಿತ್ತಲಿಗೆ ಹೋಯಿತು, ಫೋಟೊ ರಾಯಚೂರಿಗೆ ಹೋಯಿತು. ಅಂದಿನಿಂದ ದಿನಾ ಅದೇ ಫೋಟೊ.

ಒಂದು ದಿನ ಬೆಳಿಗ್ಗೆ ಶಶಿಕಲಾ ಹೇಳದೆ ಕೇಳದೆ ಬಂದಿಳಿದಳು. ಯಂತ್ರ ಓಡುತ್ತಿತ್ತು, ಬೆಲ್ಟು ಬರಿಮೈಯಲ್ಲಿ ತಿರುಗುತ್ತಿತ್ತು.

"ಕನಕರಾಯ ಅವರ, ಮಾನ್ವ್ಯಾಗ ದಿನಾ ಅಮಾಸಿ ಬರ್ತದೇನ್ರಿ?"

"ಯಾಕ್ರಿ ಮೇಡಂ, ಹಂಗ ಕೇಳಾಕತ್ತೀರಿ?"

ಅವಳು ಮೊಬೈಲ್ ಹಿಡಿದು ಫೋಟೊಗಳನ್ನು ಒಂದೊಂದಾಗಿ ಸರಿಸಿದಳು. ಮೇಲೆ ತಾರೀಖು ಬದಲಾಗುತ್ತಿತ್ತು. ಕೆಳಗೆ ಹೂವೂ ಬಾಡಿರಲಿಲ್ಲ, ಲಿಂಬೆಹಣ್ಣೂ ಬಾಡಿರಲಿಲ್ಲ. "ಇದು ಯಾವ ಗಿಡದ ಲಿಂಬಿ? ನಮ್ಮ ಹಿತ್ತಲಕ್ಕೂ ಒಂದು ಸಸಿ ಕೊಡ್ರಿ."

ಹಿಂದೆ ಹಮಾಲರು ಕಿಸಕ್ಕನೆ ನಕ್ಕರು. ಕನಕರಾಯನಿಗೆ ಅವಳ ಕೈಯಿಂದ ಆ ಮೊಬೈಲು ಕಿತ್ತು ಭತ್ತದ ರಾಶಿಗೆ ಎಸೆಯಬೇಕೆನಿಸಿತು.

"ಮಿಲ್ಲು ನಡಸೂದು ನಿಮಗೇನ ಗೊತ್ತದ್ರಿ? ಕುಂತಲ್ಲೇ ಕುಂತು ಹುಕುಂ ಮಾಡಾಕ ಎಲ್ಲಾರಿಗೂ ಬರ್ತದ."

ಶಶಿಕಲಾ ನೇರ ಸಾವ್ಕಾರರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಸಾವ್ಕಾರರು ನಕ್ಕರು.

"ಇಷ್ಟಕ್ಕ ಮಾನ್ವಿ ತನಕ ಹೋಗ್ಬೇಕಿತ್ತೇನವ್ವಾ? ಲೇ ಕನಕ್ಯಾ, ಲಿಂಬಿ ತಗದು ಇನ್ನೊಂದು ಫೋಟೊ ಹೊಡಕೊ. ಮಷಿನ್ ನಿಂದರಬಾರದು, ಸಂಜಿಗಿ ಲಾರಿ ಬರ್ತದ."

ಫೋನು ಕಟ್ಟಾಯಿತು. ಶಶಿಕಲಾಳ ಮುಖ ಸಪ್ಪಗಾದದ್ದನ್ನು ನೋಡಿ ಕನಕರಾಯನಿಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

"ಕೇಳಿದಿರಲ್ರಿ ಮೇಡಂ? ಚಹಾ ಕುಡದು ಹೊಂಡ್ರಿ. ಬಸ್ಸದ."

ಅವಳು ಹೊರಡಲಿಲ್ಲ. ಸಿಟ್ಟಿಗೆ ಅವಳ ಮೂಗು ಕೆಂಪಾಗಿತ್ತು. ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. "ಫೋಟೊದ ಕೆಳಗ ಏನದ, ಓದ್ರಿ. ಒಂದ ದಿನಾನೂ ಓದಿಲ್ಲ ನೀವು."

ಸಣ್ಣ ಅಕ್ಷರಗಳಿದ್ದವು. 'ಜಾಲಿ ಹಾಕಿರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕನಕರಾಯ, ಸೂಪರ್‌ವೈಸರ್.' ಪ್ರತಿ ತಾರೀಖಿಗೂ ಅದೇ ಮಾತು, ಅದೇ ಹೆಸರು, ಅದೇ ಹೆಬ್ಬೆರಳು.

"ಮೊದಲ ರಿಜಿಸ್ಟರದಾಗ ಯಾರ ರುಜು ಇರ್ತಿತ್ತು? ಸಾವ್ಕಾರ್ರದು. ಈಗ ಅವ್ರ ಹೆಸರ ಎಲ್ಲ್ಯರ ಅದೇನು, ಹುಡಕ್ರಿ. ನಾಳಿ ಯಾರದರ ಕೈ ಹೋದ್ರ ಕಾನೂನು ಮಾಲಕರನ್ನ ಬಿಡಂಗಿಲ್ಲ, ಖರೆ. ಆದ್ರ ಅವ್ರ ವಕೀಲ್ರು ಮೊದಲ ಇದನ್ನ ತೋರಸ್ತಾರ. ನಮಗ ಸುಳ್ಳು ಹೇಳಿದಾಂವ ಇಂವ ಅಂತಾರ. ಜೇಲಿಗಿ ಹೋಗ್ರಿ, ನನಗೇನು."

ಅವಳು ಅವನ ಒಳ್ಳೆಯದಕ್ಕಾಗಿ ಹೇಳಿದ್ದಲ್ಲ, ಚುಚ್ಚಲೆಂದೇ ಹೇಳಿದ್ದು. ಅದು ಅವನಿಗೂ ಗೊತ್ತಾಯಿತು. ಗೊತ್ತಾದರೂ ತಾರೀಖುಗಳನ್ನು ಇನ್ನೊಮ್ಮೆ ಸರಿಸಿ ಸಾವ್ಕಾರರ ಹೆಸರು ಹುಡುಕಿದ; ಎಲ್ಲೂ ಇರಲಿಲ್ಲ.

ತಿರುಗಿ ನೋಡಿದ. ಬೆಲ್ಟಿನ ಬುಡದಲ್ಲಿ ಅಯ್ಯಮ್ಮ ಬಗ್ಗಿ ತೌಡು ಬಳಿಯುತ್ತಿದ್ದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಗಾಳಿಗೆ ಬೆಲ್ಟಿನ ಕಡೆಗೇ ಹಾರುತ್ತಿತ್ತು, ಅವಳು ಎಡಗೈಯಿಂದ ಅದನ್ನು ಹಿಂದಕ್ಕೆಳೆದುಕೊಂಡು ಮತ್ತೆ ಬಗ್ಗಿದಳು. ದಿನಾ ಹೀಗೇ ಮಾಡುತ್ತಿದ್ದಳು. ಅವನು ದಿನಾ 'ಕಣ್ಣಾರೆ ನೋಡಿದ್ದೇನೆ' ಎಂದು ಹೆಬ್ಬೆರಳು ಇಡುತ್ತಿದ್ದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೋಗಿ ಸ್ವಿಚ್ಚು ಆರಿಸಿದ. ಆ್ಯಪು ತೆರೆದು, ಬರಿಯ ಬೆಲ್ಟಿನ ಫೋಟೊ ಹೊಡೆದು, ಮೊದಲ ಸಲ 'ಇಲ್ಲ' ಒತ್ತಿದ. 'ಯಂತ್ರ ನಡೆಸಲು ಮಾಲೀಕರ ಒಪ್ಪಿಗೆ ಬೇಕು. ವಿನಂತಿ ಕಳಿಸಲಾಗಿದೆ' ಎಂದು ಬಂತು.

ಹಿಂದೆಯೇ ಸಾವ್ಕಾರರ ಫೋನು ಬಂತು.

"ಏನಲೇ, ತಲಿ ಕೆಟ್ಟದೇನು? ಸ್ವಿಚ್ ಹಾಕು."

"ಹಾಕ್ತೀನ್ರಿ ಸಾವ್ಕಾರ್ರ. ನಿಮ್ಮ ಫೋನಿಗಿ ಬಂದದ ನೋಡ್ರಿ. ಜಾಲಿ ಇಲ್ಲದ ನಡಸಾಕ ಒಪ್ಪಿಗಿ ಅಂತ ನಿಮ್ಮ ಹೆಬ್ಬಟ್ಟ ಇಡ್ರಿ. ಇಟ್ಟ ಕೂಡ್ಲೇ ಹಾಕ್ತೀನಿ."

"ನೀನ ಹೌದು ಅಂತ ಒತ್ತಲೇ."

"ನಾ ಭಾಳ ಸಲ ಒತ್ತೀನ್ರಿ. ಇದೊಂದ ಸಲ ನೀವ ಒತ್ತರಿ."

ಯಂತ್ರ ನಿಂತ ಮಿಲ್ಲಿನಲ್ಲಿ ಹಮಾಲರು ಮೂಟೆ ಇಳಿಸಿ ನೋಡುತ್ತ ನಿಂತಿದ್ದರು.

"ಸಾವ್ಕಾರ್ರ, ಒತ್ತಿದಿರೇನ್ರಿ?"

"ಜಾಲಿ ಹಾಕಸು, ಹಲ್ಕಟ್ ನನಮಗನ. ನಿನ್ನ ಆಮ್ಯಾಲ ನೋಡ್ಕೋತೀನಿ," ಎಂದು ಸಾವ್ಕಾರರು ಫೋನಿಟ್ಟರು.

ಕನಕರಾಯ ಹಿತ್ತಲಿಗೆ ಹೋಗಿ ಜಾಲಿ ಎತ್ತಿದ. ಮೆಣಸಿನಕಾಯಿ ಚೆಲ್ಲಾಪಿಲ್ಲಿಯಾದವು. ಅಯ್ಯಮ್ಮ ಓಡಿ ಬಂದು ಉಡಿಗೆ ತುಂಬಿಕೊಳ್ಳುತ್ತ ಅವನನ್ನು ಬಾಯಿಗೆ ಬಂದಂತೆ ಬೈದಳು. ಅವನು ತಲೆ ತಗ್ಗಿಸಿಕೊಂಡು ನಟ್ಟು ಬಿಗಿದ.

"ಈಗ ಫೋಟೊ ಹೊಡೀರಿ," ಎಂದಳು ಶಶಿಕಲಾ.

"ನೀವ ಬಾಜೂಕ ಸರೀರಿ. ಬೆಳಕಿಗಿ ಅಡ್ಡ ಬಂದೀರಿ."

ಅವಳು ಅವನನ್ನು ದುರುಗುಟ್ಟಿ ನೋಡಿ ಸರಿದಳು. ಫೋಟೊ ಹೊಡೆಯುವಾಗ ಅಯ್ಯಮ್ಮ ಆಗಲೇ ಗುಡಿಸಲು ಬಗ್ಗಿದ್ದಳು. ಜಾಲಿಯ ಈಚೆ, ಫೋಟೊದ ಮೂಲೆಯಲ್ಲಿ, ಕಸಬರಿಗೆ ಹಿಡಿದ ಅವಳ ಕೈ ಬಂತು. ಕನಕರಾಯ ಇನ್ನೊಂದು ಹೊಡೆಯಲಿಲ್ಲ. ಅದನ್ನೇ ಕಳಿಸಿ 'ಹೌದು' ಒತ್ತಿದ.